ಹಾಜರಿ ಕೂಗುವ ಪ್ರೋಗ್ರಾಂ

“ಮೂರು ಸಲ ಯಾಕ?” ಈರೇಶ ಸರ್ ಪರದೆಗೆ ಬೆರಳು ಬಡಿದು ಕೇಳಿದರು. “ಒಂದು ಹೆಸರು ಒಮ್ಮೆ ಕೂಗಿದ್ರ ಸಾಕು ಅಂತ ಬೋರ್ಡಿನ ಮ್ಯಾಲೆ ಬರದಿಲ್ಲೇನು?”

ನವಲಗುಂದದ ಆ ಕಾಲೇಜಿನಲ್ಲಿ ಬಿಸಿಎ ಮೊದಲ ವರ್ಷದವರ ಪ್ರಾಕ್ಟಿಕಲ್ ನಡೆದಿತ್ತು. ಹಾಜರಿ ತೆಗೆದುಕೊಳ್ಳುವ ಪ್ರೋಗ್ರಾಂ ಬರೆಯಬೇಕು. ಕಂಪ್ಯೂಟರ್ ಸ್ಪೀಕರಿನಲ್ಲಿ ಹೆಸರು ಕೂಗುತ್ತದೆ. ಹತ್ತು ಸೆಕೆಂಡಿನೊಳಗೆ ಆ ಹೆಸರಿನವರು ಬಂದು ಎಂಟರ್ ಒತ್ತಿದರೆ ‘ಹಾಜರು’, ಇಲ್ಲದಿದ್ದರೆ ‘ಗೈರು’. ಅಷ್ಟೇ. ಸುನೀತಾಳ ಪ್ರೋಗ್ರಾಂ ಮಾತ್ರ ಪ್ರತಿ ಹೆಸರನ್ನು ಮೂರು ಸಲ ಕೂಗುತ್ತಿತ್ತು. ಮೊದಲೆರಡು ಸಲ ಒತ್ತಿದ್ದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

“ಮಾರಿ-ಮುಖ ಕಾಣದ ದನಿಗೆ ಮೊದಲನೇ ಸಲಕ್ಕ ಓ ಅನ್ನಬಾರದ್ರಿ ಸರ್,” ಎಂದಳು ಸುನೀತಾ. “ನಮ್ಮ ಆಯಿ ಹೇಳ್ತಾಳ್ರಿ. ಮಟಮಟ ಮಧ್ಯಾಹ್ನ ಹೊಲದಾಗ ಯಾರರ ಹೆಸರ ಹಿಡದು ಕರೆದ್ರ ಸುಮ್ನಿರಬೇಕಂತ. ಮನಷ್ಯಾರ ಇದ್ರ ಮೂರನೇ ಸಲಾನೂ ಕರೀತಾರ.”

“ಇದೇನ ಬೇ, ಕುರಿ ಕರಿಯೋ ಪ್ರೋಗ್ರಾಂ ಏನು?” ಹಿಂದಿನ ಬೆಂಚಿನಿಂದ ಸಂಗನಬಸವ ಅಂದ. ಸುನೀತಾಳ ಅಪ್ಪ ಕುರಿ ಕಾಯುವವನು.

“ಕುರಿ ಒಂದ ಸಲಕ್ಕ ಬರ್ತಾವ. ನಿನ್ನಂಥಾವ್ಗ ಮೂರು ಬೇಕು.”

ಹುಡುಗರು ನಕ್ಕರು. ಸರ್ ನಗಲಿಲ್ಲ. ಅವರು ಪರದೆಯಲ್ಲಿನ ಹೆಸರುಗಳನ್ನು ಎಣಿಸುತ್ತಿದ್ದರು. “ಈ ಬ್ಯಾಚಿನಾಗ ಎಂಟು ಮಂದಿ. ಇಲ್ಲಿ ಏಳ ಹೆಸರದಾವ. ನಂದಾಳ ಹೆಸರ ಎಲ್ಲಿ?”

ನಂದಾ ದಸರಾ ಸೂಟಿಯಲ್ಲಿ ಕಾಲುವೆಗೆ ಬಿದ್ದು ಸತ್ತಿದ್ದಳು. ಸುನೀತಾಳ ಬಾಜೂ ಕುರ್ಚಿ ಅವಳದು. ವಿಶ್ವವಿದ್ಯಾಲಯದವರು ಪಟ್ಟಿಯಿಂದ ಹೆಸರನ್ನು ಇನ್ನೂ ತೆಗೆದಿರಲಿಲ್ಲ.

“ಆಕಿ ಇಲ್ಲಲ್ರಿ ಸರ್,” ಎಂದಳು ಸುನೀತಾ.

“ಇಲ್ಲದಾಕೀನ ಬೇಕು ನನಗ. ಉಳಿದ ಏಳೂ ಮಂದಿ ಇಲ್ಲೇ ಕುಂತೀರಿ. ಒಬ್ಬರರ ಗೈರು ಇರದಿದ್ರ ನಿನ್ನ ಪ್ರೋಗ್ರಾಂ ಗೈರು ಅಂತ ತೋರಸ್ತೈತೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು? ಆ ಹೆಸರ ಹಾಕು. ಮೂರು ತಗದು ಒಂದು ಮಾಡು. ಇಲ್ಲಾಂದ್ರ ಇಪ್ಪತ್ತಕ್ಕ ಸೊನ್ನಿ.”

ಸೊನ್ನೆ ಬಂದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ಅಪ್ಪ ಎರಡನೇ ವರ್ಷಕ್ಕೆ ಕಳಿಸುವುದಿಲ್ಲ. ಆ ಮಾತು ಮನೆಯಲ್ಲಿ ಎಂದೋ ಆಗಿ ಹೋಗಿತ್ತು. ಅಂಜಿಕೆಗೆ ಯಾರೂ ಅಂಕ ಕೊಡುವುದಿಲ್ಲ. ಸುನೀತಾ ಮೂರನ್ನು ಅಳಿಸಿ ಒಂದು ಮಾಡಿದಳು. ಎಲ್ಲ ಹೆಸರುಗಳ ಕೆಳಗೆ ನಂದಾಳ ಹೆಸರು ಸೇರಿಸಿದಳು.

ಯಂತ್ರ ಕೂಗತೊಡಗಿತು. ದೊಡ್ಡ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಎಲ್ಲಿಗೆ ಹೋಗುತ್ತದೆಂದು ಹೇಳುವಂಥ ದನಿ. ಒಬ್ಬೊಬ್ಬರೇ ಎದ್ದು ಬಂದು ಎಂಟರ್ ಒತ್ತಿ ಹೋದರು. ತನ್ನ ಹೆಸರು ಬಂದಾಗ ಸುನೀತಾ ಕಣ್ಣು ಮುಚ್ಚಿಕೊಂಡು ಒತ್ತಿದಳು, ಆಮೇಲೆ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ನಂದಾ,” ಎಂದಿತು ಯಂತ್ರ.

ಸರ್ ಕೈಕಟ್ಟಿ ನಿಂತಿದ್ದರು. ಕೀಬೋರ್ಡಿನ ಹತ್ತಿರ ಅವರಿಬ್ಬರನ್ನು ಬಿಟ್ಟು ಮತ್ತಾರೂ ಇರಲಿಲ್ಲ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಏರಿದವು. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ನಿಂತವು. ಹೊಸ ಸಾಲು ಮೂಡಿತು.

ನಂದಾ: ಹಾಜರು.

“ಯಾಕ ಒತ್ತಿದಿ?”

“ನಾ ಒತ್ತಿಲ್ರಿ.”

ಅವಳು ಒತ್ತಿಲ್ಲವೆಂಬುದನ್ನು ಅವರೇ ಕಣ್ಣಾರೆ ಕಂಡಿದ್ದರು. ಪ್ರೋಗ್ರಾಮನ್ನು ಸಾಲು ಸಾಲಾಗಿ ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ. “ಗೌಸ್ ಕಾಕಾ, ಈ ಕೀಬೋರ್ಡ್ ಕೆಟ್ಟೈತಿ ನೋಡ್ರಿ,” ಎಂದು ಕೂಗಿದರು.

ಲ್ಯಾಬ್ ನೋಡಿಕೊಳ್ಳುವ ಗೌಸ್ ಬಾಗಿಲಿನಲ್ಲೇ ನಿಂತಿದ್ದ. ಒಳಗೆ ಕಾಲಿಡಲಿಲ್ಲ. “ನಿನ್ನೆ ಡಬ್ಬಿ ಒಡದು ಹಾಕೇನ್ರಿ ಸರ್. ಅಗದಿ ಹೊಸಾದು.”

“ಆತು, ಏಳು ಅತ್ಲಾಗ.” ಸರ್ ಸುನೀತಾಳನ್ನು ಎಬ್ಬಿಸಿ ತಾವು ಕುಳಿತರು. ಸಿಟ್ಟಿನಿಂದ ಎಂಟೂ ಹೆಸರುಗಳನ್ನು ಅಳಿಸಿ ತಮ್ಮದೊಂದನ್ನೇ ಬರೆದರು. “ನೋಡ್ರಿ ಎಲ್ಲಾರೂ. ಅದು ಕೂಗ್ತೈತಿ, ನಾ ಒತ್ತತೀನಿ, ಹಾಜರು ಅಂತೈತಿ. ಯಾರ ಸತ್ತಾರ ಯಾರ ಬದುಕ್ಯಾರ ಅಂತ ಯಂತ್ರಕ್ಕ ತಿಳಿಯಂಗಿಲ್ಲ. ಗುಂಡಿ ಒತ್ತೂದಷ್ಟ ತಿಳೀತೈತಿ.”

“ಈರೇಶ,” ಎಂದಿತು ಯಂತ್ರ.

ಸರ್ ಬೆರಳು ಎಂಟರ್ ಗುಂಡಿಯ ಮೇಲೆ ಬಂತು. ಕೆಳಗಿಳಿಯಲಿಲ್ಲ. ಮೂರಾಯಿತು, ನಾಲ್ಕಾಯಿತು. ಏಳು ಮಂದಿಯೂ ಆ ಬೆರಳನ್ನೇ ನೋಡುತ್ತಿದ್ದರು. ಎಂಟು. ಒಂಬತ್ತು. ಹತ್ತು.

ಈರೇಶ: ಗೈರು.

ಪ್ರೋಗ್ರಾಂ ಸರಿಯಾಗಿತ್ತು. ಯಾರೂ ಒತ್ತದಿದ್ದರೆ ಗೈರು ಎಂದೇ ತೋರಿಸುತ್ತಿತ್ತು.

ಸರ್ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. “ಮೂರ ಸಲಾನ ಇರಲಿ,” ಎಂದರು, ತಮಗಷ್ಟೇ ಕೇಳುವಂತೆ. ಅಂಕಪಟ್ಟಿ ಎಳೆದುಕೊಂಡು ಸುನೀತಾಳ ಹೆಸರಿನ ಮುಂದೆ ಇಪ್ಪತ್ತು ಬರೆದರು. ಕೈ ಮೇಲಕ್ಕೆ, ನಂದಾಳ ಸಾಲಿಗೆ ಹೋಯಿತು. ಬರದವರಿಗೆ ಅಲ್ಲಿ ‘ಗೈರು’ ಎಂದು ಬರೆದು ಸಹಿ ಹಾಕಬೇಕು. ಪೆನ್ನು ಹಾಳೆಗೆ ತಾಕಿತು, ಚುಕ್ಕೆ ಬಿತ್ತು, ಅಲ್ಲೇ ನಿಂತಿತು.

ಅವರು ಸುನೀತಾಳ ಕಡೆ ತಿರುಗಿದರು.

“ಇಲ್ಲಿ ಏನ್ ಬರೀಲವಾ?”