ಅತ್ತೆಯ ಪ್ರಯಾಣ ಮುಹೂರ್ತ

ಎರಡು ವಾರಕ್ಕೆಂದು ಬಂದ ಅತ್ತೆ ಎರಡನೇ ತಿಂಗಳಿಗೆ ಕಾಲಿಟ್ಟಾಗ ವಾದಿರಾಜ ಫೋನಿನೊಳಗಿನ ಎಐ ಸಹಾಯಕನ ಮೊರೆಹೊಕ್ಕ. ಅತ್ತೆ ಇಲ್ಲಿಂದ ದೆಹಲಿಗೆ, ದೊಡ್ಡ ಮಗಳ ಮನೆಗೆ ಹೋಗಬೇಕಿತ್ತು. ವಿಮಾನದ ದರಗಳನ್ನೆಲ್ಲ ಹೋಲಿಸಿ ಅದು ಕ್ಷಣದಲ್ಲಿ ಉತ್ತರ ಕೊಟ್ಟಿತು.

"ಅತ್ತೆ, ಮಂಗಳವಾರ ಸಿಕ್ಕಾಪಟ್ಟೆ ಅಗ್ಗ ಅಂತಿದೆ."

"ಮಂಗಳವಾರ ಹೆಣ್ಣುಮಕ್ಕಳನ್ನ ಯಾರಾದ್ರೂ ಮನೆಯಿಂದ ಕಳಿಸ್ತಾರೇನ್ರೀ?"

"ಬುಧವಾರ ಮಧ್ಯಾಹ್ನ?"

"ಸರಿಯಾಗಿ ರಾಹುಕಾಲ."

"ಗುರುವಾರ?"

"ಅಮಾವಾಸ್ಯೆ. ಇಷ್ಟೆಲ್ಲ ಓದಿರೋ ನಿಮ್ಮ ಎಐಗೆ ಒಂದು ಪಂಚಾಂಗ ಓದೋಕೆ ಬರಲ್ವೇ?"

"ಹಾಗಾದ್ರೆ ಶುಕ್ರವಾರ?"

"ಲಕ್ಷ್ಮೀನ ಹೊರಗೆ ಹಾಕಿದ ಹಾಗಾಗತ್ತೆ. ನನಗೇನು, ನಷ್ಟ ನಿಮಗೇ. ಮುಂದಿನ ತಿಂಗಳು ಹೋದ್ರಾಯ್ತು ಬಿಡಿ."

ಮುಂದಿನ ತಿಂಗಳು ಎಂದದ್ದೇ ವಾದಿರಾಜ ಮತ್ತೆ ಫೋನು ತಡಕಾಡಿದ. "ಬುಧವಾರ ಬೆಳಿಗ್ಗೆ ಒಂದಿದೆ ಅತ್ತೆ. ಆದ್ರೆ ಬಿಸಿನೆಸ್ ಕ್ಲಾಸ್ ಸೀಟು ಮಾತ್ರ ಉಳಿದಿದೆ."

ಅತ್ತೆ ಬೆರಳು ಮಡಿಸಿ ಎಣಿಸಿದರು. "ಅಯ್ಯೋ, ಅಮೃತಘಳಿಗೆ!"

ವಾದಿರಾಜ ಕಣ್ಣು ಮುಚ್ಚಿಕೊಂಡು ದುಡ್ಡು ಕಟ್ಟಿ, ಆಫೀಸಿಗೆ ಹೊರಟ.

ಬಾಗಿಲು ಹಾಕಿದ್ದೇ ತಡ, ಅತ್ತೆ ದಿಂಬಿನಡಿಯಿಂದ ತಮ್ಮ ಫೋನು ತೆಗೆದು, ಅದರೊಳಗಿನ ಎಐ ಸಹಾಯಕನನ್ನು ಎಬ್ಬಿಸಿ ಬಾಯಿಗೆ ಹಿಡಿದರು.

"ನೀನು ಹುಡುಕಿಕೊಟ್ಟಿದ್ದ ಬುಧವಾರದ ದೊಡ್ಡ ಸೀಟೇ ಸಿಕ್ತು ಕಣಪ್ಪ. ಈಗ ದೆಹಲಿಯಿಂದ ವಾಪಸ್ ಬರೋಕೂ ಅಂಥದ್ದೇ ಒಂದು ನೋಡಿಡು. ದೊಡ್ಡಳಿಯಂದಿರಿಗೆ ರಾಹುಕಾಲ, ಅಮಾವಾಸ್ಯೆ ಎಲ್ಲ ನಾನು ಹೇಳ್ಕೋತೀನಿ."