ಮೊದಲು ಮೇಲಿನದು

ಲಾರಿಯ ಅಡಿಯಿಂದ ಬರುತ್ತಿದ್ದ ಸುತ್ತಿಗೆಯ ಸದ್ದು ನಿಂತಿತು. ಪಕ್ಕದ ಶೆಡ್ಡಿನಲ್ಲಿ ಗೇಟಿನ ಸರಳುಗಳನ್ನು ಬೆಸೆಯುತ್ತಿದ್ದ ಮೆಕ್ಯಾನಿಕ್ಕನ ಹೆಂಡತಿ, ಮುಖಕ್ಕೆ ಹಿಡಿದಿದ್ದ ಕರಿಗಾಜನ್ನು ಇಳಿಸಿ ಕಿವಿಗೊಟ್ಟಳು. ಮೊದಲು ಸ್ಪ್ಯಾನರ್ ಜಾರಿದ್ದು, ಆಮೇಲೆ ಪೈಪ್ ರೆಂಚು ಜಾರಿದ್ದು, ಕೊನೆಗೆ ಉಳಿ ಇಟ್ಟು ಬಡಿದದ್ದು, ಎಲ್ಲವೂ ಅವಳಿಗೆ ಕೂತಲ್ಲೇ ಕೇಳಿಸಿತ್ತು. ಇನ್ನುಳಿದಿರುವುದು ವೆಲ್ಡಿಂಗ್ ಒಂದೇ ಎಂದು ಅವಳಿಗೂ ಗೊತ್ತು, ಲಾರಿಯಡಿ ಅಂಗಾತ ಮಲಗಿದ್ದ ಗಂಡನಿಗೂ ಗೊತ್ತು. ಆದರೆ ಗಂಡ ಹೆಂಡತಿ ಮಾತು ಬಿಟ್ಟು ಅಂದಿಗೆ ಮೂರು ದಿನವಾಗಿತ್ತು.

ಕಾರಣ ದೊಡ್ಡದೇನಲ್ಲ. ಗಿರಾಕಿಯೊಬ್ಬನ ಮುಂದೆ ಅವನು, "ಅವಳದ್ದೇನು ಬಿಡಿ, ಗೇಟು ಕಿಟಕಿ ಅಂಟಿಸೋದು. ಗೇರ್‌ಬಾಕ್ಸ್ ಅಂದ್ರೆ ತಲೆ ಬೇಕು" ಎಂದು ನಕ್ಕಿದ್ದ. ಅವಳು ಎರಡು ಮಾರು ದೂರದಲ್ಲೇ ನಿಂತಿದ್ದಳು. ತಾನಾಗಿ ಬಂದು ಬಾಯಿಬಿಟ್ಟು ಕೇಳುವ ತನಕ ಇವನ ಯಾವ ಕೆಲಸಕ್ಕೂ ವೆಲ್ಡಿಂಗ್ ರಾಡ್ ಹಿಡಿಯುವುದಿಲ್ಲ ಎಂದು ಆಗಲೇ ನಿಶ್ಚಯಿಸಿದ್ದಳು. ಅವನೋ, ಕೇಳುವ ಪೈಕಿಯಲ್ಲ. ಮದುವೆಯಾದ ಹೊಸದರಲ್ಲಿ ಎಂಟು ತಿಂಗಳು ದೂರದ ಡಿಪೋದಲ್ಲಿ ಕೆಲಸಕ್ಕಿದ್ದಾಗಲೂ ಹೆಂಡತಿಗೊಂದು ಸಾಲು ಕಾಗದ ಬರೆದ ಆಸಾಮಿಯಲ್ಲ. ಈ ಮೂರು ದಿನವೂ ತಲೆ ತಗ್ಗಿಸಿ, ಎರಡೆರಡು ಸಲ ಬಡಿಸಿಕೊಂಡು ಉಂಡೆದ್ದು ಹೋಗಿದ್ದ. ಇವನದು ಕಲ್ಲೆದೆ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಲಾರಿಯ ಡ್ರೈವರು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಅರವತ್ತು ದಾಟಿದ ಮನುಷ್ಯ. ಲಾರಿಯೂ ನೋಡಲು ಅವನ ಓರಗೆಯದೇ ಎಂಬಂತಿತ್ತು.

"ತಂಗಿ, ಗೇರ್‌ಬಾಕ್ಸಿಗೆ ಎಣ್ಣೆ ತುಂಬೋ ಪ್ಲಗ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಹಿಂದೆ ಯಾವನೋ ಪುಣ್ಯಾತ್ಮ ಸೈಜ್ ಸರಿಯಿಲ್ಲದ ಸ್ಪ್ಯಾನರ್ ಹಾಕಿ ಮೂಲೆನೆಲ್ಲ ಸವೆಸಿಬಿಟ್ಟಿದಾನೆ, ಗೋಲಿ ಥರ ಗುಂಡಗಾಗಿದೆ. ಮೇಲೊಂದು ನಟ್ ವೆಲ್ಡ್ ಮಾಡಿದ್ರೆ ತಿರುಗುತ್ತಂತೆ."

"ಯಾರು ಹೇಳಿದ್ದು?"

"ಅವನೇ."

"ಯಾಕೆ, ಅವರಿಗೆ ಬಾಯಿಲ್ವಂತಾ?"

ಡ್ರೈವರು ಲಾರಿಯ ತನಕ ಹೋಗಿ, ಬಗ್ಗಿ ಕೇಳಿ, ವಾಪಸು ಬಂದ. "ಬಾಯಿದೆಯಂತೆ. ಕೈ ಬಿಡುವಿಲ್ವಂತೆ."

"ನನಗೂ ಬಿಡುವಿಲ್ಲ ಅನ್ನಿ ಅಣ್ಣ. ನೀವು ಹಳೇ ಎಣ್ಣೇಲೇ ಓಡಿಸ್ಕೊಂಡು ಹೋಗಿ, ನಾಳಿದ್ದು ಬನ್ನಿ. ಎರಡು ದಿನಕ್ಕೆ ಏನೂ ಆಗಲ್ಲ."

"ಹಳೇ ಎಣ್ಣೆ ಎಲ್ಲಿದೆ ತಾಯಿ? ಬೆಳಗ್ಗೇನೇ ಕೆಳಗಿನ ಪ್ಲಗ್ ಬಿಚ್ಚಿ ಪೂರ್ತಿ ಸುರಿದುಬಿಟ್ಟ. ಈಗ ಹೊಸದು ತುಂಬೋಣ ಅಂದ್ರೆ ಮೇಲಿಂದು ಬರ್ತಿಲ್ಲ. ಮಧ್ಯಾಹ್ನ ಮಗಳ ಮನೆ ಸಾಮಾನು ಸಾಗಿಸಬೇಕು, ಗಂಟುಮೂಟೆ ಕಟ್ಕೊಂಡು ಕೂತಿದಾಳೆ."

ಅವಳ ಕೈ ಅಲ್ಲೇ ನಿಂತಿತು. ಗಂಡನ ಗ್ಯಾರೇಜಿನ ಗೋಡೆಯ ಮೇಲೆ ಅಂಗೈಯಗಲದ ಕೆಂಪಕ್ಷರಗಳಿದ್ದವು: ಮೊದಲು ಮೇಲಿನದು, ಆಮೇಲೆ ಕೆಳಗಿನದು. ಬರೆಸಿದವನು ಅವನು, ಏಣಿ ಹತ್ತಿ ಬರೆದವಳು ಅವಳು. ಎಣ್ಣೆ ತುಂಬುವ ಮೇಲಿನ ಪ್ಲಗ್ ಬಿಚ್ಚಿ ನೋಡದೆ, ಎಣ್ಣೆ ಸುರಿಸುವ ಕೆಳಗಿನದಕ್ಕೆ ಕೈ ಹಾಕಬಾರದು. ಈ ಪಾಠ ಹೇಳಿ ಹೇಳಿ ಬಂದವರಿಗೆಲ್ಲ ತಲೆ ಚಿಟ್ಟು ಹಿಡಿಸಿದ್ದ. ಇಪ್ಪತ್ತಾರು ವರ್ಷದಲ್ಲಿ, ಮೈ ಕೆಂಡದಂತೆ ಸುಡುವ ಜ್ವರದಲ್ಲೂ ತಾನು ಒಮ್ಮೆಯೂ ತಪ್ಪಿದವನಲ್ಲ. ಇವತ್ತು ತಪ್ಪಿದ್ದ. ಯಾಕೆಂದು ಅವಳಿಗೆ ಥಟ್ಟನೆ ಹೊಳೆಯಿತು. ಹೊಳೆದದ್ದೇ, ಮೂರು ದಿನದ ಸಿಟ್ಟೆಲ್ಲ ಇಳಿದುಹೋಯಿತು. ಅಯ್ಯೋ ಪಾಪ, ನನ್ನ ಮಾತು ಈ ಮನುಷ್ಯನಿಗೆ ಇಷ್ಟು ಬೇಕಿತ್ತೇ ಎಂದುಕೊಂಡಳು.

ವೆಲ್ಡಿಂಗ್ ಕೇಬಲ್ ಎಳೆದುಕೊಂಡು ಅವಳು ಲಾರಿಯ ಬಳಿ ಹೋದಾಗ, ಅವನು ಹೊರಗೆ ತೆವಳಿ ಬಂದು ಹಳೆ ಎಣ್ಣೆಯ ಡಬರಿಯನ್ನು ಕಾಲಿನಿಂದ ಚಕ್ರದ ಮರೆಗೆ ತಳ್ಳುತ್ತಿದ್ದ. ಅವಳನ್ನು ಕಂಡು ಸಿಕ್ಕಿಬಿದ್ದ ಕಳ್ಳನಂತೆ ನಿಂತ.

"ಒಂದು ನಟ್ ಅಂಟಿಸ್..." ಎಂದವನು ನಾಲಿಗೆ ಕಚ್ಚಿಕೊಂಡ. "ವೆಲ್ಡ್ ಮಾಡ್ಕೊಡ್ತೀಯಾ? ನನ್ ಕೈಲಾಗ್ತಿಲ್ಲ ಕಣೇ."

"ಬ್ಯಾಟರಿ ವೈರ್ ಬಿಚ್ಚಿದೀರಾ?"

"ಬಿಚ್ಚಿದೀನಿ."

"ಸದ್ಯ, ಅದಾದ್ರೂ ನೆನಪಿತ್ತಲ್ಲ."

ಅವಳು ಅಡಿಗೆ ನುಸುಳಿ, ಎಣ್ಣೆಯ ಪಸೆ ಒರೆಸಿ, ಅರ್ಥ್ ಕ್ಲಿಪ್ಪನ್ನು ಪ್ಲಗ್ಗಿನ ಪಕ್ಕದಲ್ಲೇ ಕಚ್ಚಿಸಿದಳು. ಸವೆದ ತಲೆಯ ಮೇಲೆ ನಟ್ ಕೂರಿಸಿ, ಅದರ ತೂತು ತುಂಬುವ ತನಕ ರಾಡ್ ಕರಗಿಸಿದಳು. ಅವನು ಒದ್ದೆ ಗೋಣಿ ಹಿಡಿದು ಪಕ್ಕದಲ್ಲೇ ಮಲಗಿದ್ದ. ನಟ್ಟಿನ ಕೆಂಪು ಆರುವ ತನಕ ಇಬ್ಬರೂ ಅಕ್ಕಪಕ್ಕ ಮಲಗಿ ಅದನ್ನೇ ನೋಡಿದರು. ಆಮೇಲೆ ಅವನು ಸ್ಪ್ಯಾನರನ್ನು ಅವಳ ಕೈಗಿತ್ತ.

"ನೀನೇ ತಿರುಗಿಸು."

ಮೊದಲ ಎಳೆತಕ್ಕೆ ಕಿರ್ರೆಂದಿತು. ಎರಡನೆಯದಕ್ಕೆ ಸಡಿಲವಾಯಿತು. ಆಮೇಲೆ ಇಷ್ಟು ಹೊತ್ತು ಸತಾಯಿಸಿದ್ದು ತಾನಲ್ಲವೇ ಅಲ್ಲ ಎಂಬಂತೆ ಸಲೀಸಾಗಿ ಬಂತು.

ಬೇರೆ ಪ್ಲಗ್ ಸಿಕ್ಕಿತು, ಹೊಸ ಎಣ್ಣೆ ತುಂಬಿತು, ಡ್ರೈವರು ಸೀಟಿಗೆ ಹತ್ತಿ ಲಾರಿ ಚಾಲೂ ಮಾಡಿದ. "ಆ ಹಳೇದನ್ನ ಗುಜರಿಗೆ ಎಸಿ" ಎಂದು ಗಂಡ ಕೈ ತೊಳೆಯಲು ಹೋದ. ಅವಳು ಎಸೆಯಲಿಲ್ಲ. ನೆತ್ತಿಯ ಮೇಲೆ ನಟ್ ಹೊತ್ತ ಆ ವಕ್ರ ಪ್ಲಗ್ಗನ್ನು ನೀರಿಗದ್ದಿ, ಒರೆಸಿ, ತಂತಿ ಕಟ್ಟಿ, ಗೋಡೆಯ ಕೆಂಪಕ್ಷರಗಳ ಕೆಳಗಿದ್ದ ಮೊಳೆಗೆ ತೂಗುಹಾಕಿದಳು.

"ಅದ್ಯಾಕಮ್ಮ ಇಟ್ಕೊಂಡೆ?" ಡ್ರೈವರು ಕಿಟಕಿಯಿಂದ ತಲೆ ಹಾಕಿ ಕೂಗಿದ. "ಅದಿನ್ನು ಯಾವ ಕೆಲಸಕ್ಕೂ ಬರಲ್ಲ."

"ಇರ್ಲಿ ಅಣ್ಣ," ಎಂದಳು ಅವಳು, ನಲ್ಲಿಯ ಹತ್ತಿರವಿದ್ದವನಿಗೂ ಕೇಳಿಸುವಂತೆ. "ನಮ್ ಯಜಮಾನ್ರು ನನಗೆ ಬರೆದ ಮೊದಲ್ನೇ ಕಾಗದ."