ಮೋತಿಯ ಹೇಳಿಕೆ

ನಗರದ ಚರಿತ್ರೆಯಲ್ಲಿ ಆ ಸೋಮವಾರ ಚಿರಸ್ಮರಣೀಯ: ಪದ್ಮಾಕ್ಷಮ್ಮನವರ ನಾಯಿ ಮೋತಿಯ ಲೈಸೆನ್ಸ್ ನವೀಕರಣವಾಗಬೇಕಿತ್ತು. “ಇದರಿಂದ ಯಾರಿಗೇನು ಉಪಯೋಗ?” ಎಂದು ಗೊಣಗುತ್ತಲೇ ಅವರು ನಗರಸಭೆ ಕಚೇರಿಯ ಸರತಿಯಲ್ಲಿ ನಿಂತರು. ವಾಡಿಕೆಯಂತೆ ಗುಮಾಸ್ತರು ನಾಯಿಯ ಕೊರಳಿಗೆ, ಅದಕ್ಕೆ ಮಾತು ಬರಿಸುವ ಪಟ್ಟಿ ಕಟ್ಟಿದರು. ಮನೆಯವರು ಅದಕ್ಕೆ ಅನ್ಯಾಯ ಮಾಡಿದ್ದು ಗೊತ್ತಾದರೆ, ನಿಯಮದಂತೆ ನಾಯಿ ಬೇರೆಯವರ ಪಾಲು.

“ಹೇಗೆ ನೋಡ್ಕೋತಾರಪ್ಪ?”

“ಚೆನ್ನಾಗಿ, ಸ್ವಾಮಿ. ಯುಗಾದಿ ದಿನ ಮಾತ್ರ ಬಿಸಿಲಲ್ಲಿ ಕಟ್ಟಿದ್ರು. ಹೋಳಿಗೆ ಕದ್ದೆನಂತೆ. ನನಗೆ ನೆನಪಿಲ್ಲ, ಆದ್ರೆ ಅಮ್ಮ ಹೇಳಿದ್ಮೇಲೆ ಕದ್ದೇ ಇರ್ತೀನಿ.”

ಗುಮಾಸ್ತರು ನಕ್ಕು ಮೊಹರು ಎತ್ತಿದರು.

“ತಿಂದಿದ್ದು ನಾನು, ಸಾರ್,” ಎಂದರು ಪದ್ಮಾಕ್ಷಮ್ಮ. “ಸಕ್ಕರೆ ಕಾಯಿಲೆ. ಸೊಸೆ ಬೈತಾಳೆ ಅಂತ ಇದರ ಮೇಲೆ ಹಾಕ್ದೆ.”

“ಸುಮ್ನಿರಬಾರದಾ ತಾಯಿ!” ಎಂದು ಸರತಿಯಲ್ಲಿ ಹಿಂದಿದ್ದವರು ಹಲುಬಿದರು.

ಮೋತಿ ಬಾಲ ಅಲ್ಲಾಡಿಸಿತು. “ರುಚಿಯಾಗಿತ್ತಾ, ಅಮ್ಮ?”

ಅಂದೇ ಮೋತಿಯನ್ನು ಬೇರೆ ಮನೆಗೆ ಕೊಟ್ಟರು.